ಟ್ರೈಕೋಡೆಸ್ಮಿಯಮ್ ನೈಟ್ರೋಜನ್ ಹಿಡಿಯೋದು ನಿಲ್ಲಿಸಿದ್ರೆ: ಕಬ್ಬಿಣ ಕಮ್ಮಿನಾ, ಫಾಸ್ಫೇಟ್ ಕಮ್ಮಿನಾ, ಪತ್ತೆ ಮಾಡೋದು ಹೇಗೆ

ಹೋದ ವಾರ ಕೆಂಗಂದು ಬಣ್ಣದಲ್ಲಿ ಚೆನ್ನಾಗಿ ತೇಲ್ತಾ ಇದ್ದ ಎಳೆಗಳು ಈಗ ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದ್ರೆ ಹಳದಿ ಹಸಿರಾಗಿವೆ, ಅರ್ಧದಷ್ಟು ತಳಕ್ಕೆ ಇಳಿದಿವೆ, ಅಸಿಟಲೀನ್ ಟೆಸ್ಟ್ (ನೈಟ್ರೋಜನ್ ಹಿಡಿಯೋ ಕಿಣ್ವ ಅಸಿಟಲೀನ್‌ನ ಎಥಿಲೀನ್ ಮಾಡತ್ತಾ ಅಂತ ನೋಡೋದು) ಮಾಡಿದ್ರೆ ಎಥಿಲೀನ್ ಪೀಕ್ ಕಾಣೋದೇ ಇಲ್ಲ. ಟ್ರೈಕೋಡೆಸ್ಮಿಯಮ್ ಅನ್ನೋ ಸಮುದ್ರದ ಸೂಕ್ಷ್ಮಜೀವಿನ ಲ್ಯಾಬ್‌ನಲ್ಲಿ ಬೆಳೆಸೋರಿಗೆ ಇದು ಒಂದಲ್ಲ ಒಂದು ದಿನ ಎದುರಾಗೇ ಆಗತ್ತೆ. ಆಗ ಗಾಬರಿಲಿ ಮಾಡೋ ಕೆಲಸ ಅಂದ್ರೆ ಸ್ವಲ್ಪ ಕಬ್ಬಿಣ, ಸ್ವಲ್ಪ ಫಾಸ್ಫೇಟ್, ಸ್ವಲ್ಪ ವಿಟಮಿನ್ ಎಲ್ಲಾ ಒಟ್ಟಿಗೆ ಸುರಿದುಬಿಡೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಕಲ್ಚರ್ ಚೇತರಿಸಿಕೊಂಡ್ರೂ ಯಾವುದರಿಂದ ಚೇತರಿಸಿಕೊಳ್ತು ಅಂತ ಗೊತ್ತಾಗಲ್ಲ, ತಪ್ಪು ಎಲ್ಲಿತ್ತೋ ಅಲ್ಲೇ ಉಳಿಯತ್ತೆ, ಮುಂದಿನ ತಿಂಗಳು ಮತ್ತೆ ಅದೇ ಹಳದಿ ಫ್ಲಾಸ್ಕ್ ಮುಂದೆ ನಿಂತಿರ್ತೀರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದಕ್ಕೆ ಬೇಕಾದಷ್ಟು ದಿನ ಕೊಡಿ, ನಾನು ಹೇಳೋದು ಇಷ್ಟೇ, ಉಳಿದದ್ದೆಲ್ಲಾ ಅದನ್ನ ಮಾಡೋದು ಹೇಗೆ ಅನ್ನೋದರ ವಿವರ.

ಇಲ್ಲಿ ಮುಖ್ಯವಾಗಿ ಟ್ರೈಕೋಡೆಸ್ಮಿಯಮ್ ಎರಿಥ್ರೇಯಮ್, ಅದರಲ್ಲೂ ತುಂಬಾ ಲ್ಯಾಬ್‌ಗಳಲ್ಲಿ ಇರೋ ಐಎಂಎಸ್101 ತಳಿ ಬಗ್ಗೆ ಬರೀತಿದೀನಿ, ಮಧ್ಯೆ ಮಧ್ಯೆ ಕ್ರೋಕೋಸ್ಫೇರಾ ಬರತ್ತೆ. ಎರಡೂ ಸಮುದ್ರದ ಸಯನೋಬ್ಯಾಕ್ಟೀರಿಯಾ, ಗಾಳಿಯಿಂದ ನೀರಲ್ಲಿ ಕರಗಿರೋ ನೈಟ್ರೋಜನ್ನ ತಾವೇ ಅಮೋನಿಯ ಮಾಡ್ಕೊಂಡು ಬದುಕ್ತವೆ. ನೈಟ್ರೋಜನ್ ಕೊರತೆಯಿಂದ ಹೀಗೆ ಪಾರಾಗಿರೋದ್ರಿಂದ್ಲೇ ಬೇರೆ ಕೊರತೆಗಳು ಇವನ್ನ ಬೇಗ ಹಿಡೀತವೆ, ಅದರಲ್ಲಿ ಮೊದಲ ಎರಡು ಕಬ್ಬಿಣ ಮತ್ತೆ ಫಾಸ್ಫರಸ್ (ಇದು ಅವಕ್ಕೆ ಸಿಗೋದು ಮುಖ್ಯವಾಗಿ ಫಾಸ್ಫೇಟ್ ರೂಪದಲ್ಲಿ).

ಮೊದಲು ಅಳತೆ ಸರಿ ಇದೆಯಾ ನೋಡಿ

ಪೋಷಕಾಂಶದ ಮಾತಿಗೆ ಹೋಗೋ ಮುಂಚೆ ಗಡಿಯಾರ ನೋಡಿ. ಟ್ರೈಕೋಡೆಸ್ಮಿಯಮ್ ಹಗಲಲ್ಲಿ ನೈಟ್ರೋಜನ್ ಹಿಡಿಯತ್ತೆ, ಅದೂ ಬೆಳಕಿನ ಅವಧಿಯ ನಡುಭಾಗದಲ್ಲಿ ಜೋರು, ಬೆಳಿಗ್ಗೆ ಮತ್ತೆ ಸಂಜೆ ಕಮ್ಮಿ, ರಾತ್ರಿ ಹೆಚ್ಚುಕಮ್ಮಿ ಸೊನ್ನೆ. ಕ್ರೋಕೋಸ್ಫೇರಾ ಇದಕ್ಕೆ ಪೂರ್ತಿ ಉಲ್ಟಾ, ರಾತ್ರಿ ಮಾತ್ರ. ಇನ್‌ಕ್ಯುಬೇಟರ್‌ನ ಟೈಮರ್ ಕರೆಂಟ್ ಹೋಗಿ ಬಂದು ಮೂರ್ನಾಲ್ಕು ಗಂಟೆ ಹಿಂದೆ ಬಿದ್ದಿದ್ರೆ ನೀವು ನಡುಹಗಲು ಅಂದ್ಕೊಂಡು ಅಳೀತಿರೋದು ಅವುಗಳ ಪಾಲಿಗೆ ಇನ್ನೂ ಬೆಳಿಗ್ಗೆ. ದರ ಕಮ್ಮಿ ಬರೋದು ಸಹಜ, ಕಲ್ಚರ್‌ಗೆ ಏನೂ ಆಗಿರಲ್ಲ.

ಎರಡನೇದು ಯಾವುದಕ್ಕೆ ಭಾಗಿಸ್ತಿದ್ದೀರಿ ಅನ್ನೋದು. ಸುಮಾರು ಜನ ನೈಟ್ರೋಜನ್ ದರವನ್ನ ಕ್ಲೋರೋಫಿಲ್‌ಗೆ ಭಾಗಿಸಿ ಬರೀತಾರೆ. ಕಬ್ಬಿಣ ಕಮ್ಮಿ ಆದಾಗ ಕ್ಲೋರೋಫಿಲ್ಲೇ ಇಳಿಯತ್ತೆ, ಮೇಲಿನದೂ ಕೆಳಗಿನದೂ ಒಟ್ಟಿಗೆ ಇಳಿದ್ರೆ ಭಾಗಾಕಾರ ಚೆನ್ನಾಗೇ ಕಾಣತ್ತೆ, ಕಲ್ಚರ್ ಒಳಗೆ ಸೊರಗ್ತಾ ಇದ್ರೂ ಶೀಟ್‌ನಲ್ಲಿ ಎಲ್ಲಾ ಸರಿ. ಹಾಗಾಗಿ ಎಳೆಗಳ ಎಣಿಕೆಗೋ ಕಾರ್ಬನ್‌ಗೋ ಭಾಗಿಸಿ, ಕ್ಲೋರೋಫಿಲ್ ಬೇಕಾದ್ರೆ ಪಕ್ಕದಲ್ಲಿ ಇನ್ನೊಂದು ಕಾಲಮ್‌ನಲ್ಲಿ ಇಟ್ಕೊಳ್ಳಿ.

ದರ ಅಳೆಯೋಕೆ ನೈಟ್ರೋಜನ್-15 (ಗುರುತು ಹಿಡಿಯೋಕೆ ಬಳಸೋ ಭಾರದ ನೈಟ್ರೋಜನ್) ಗ್ಯಾಸ್ ಬಳಸೋರಿಗೆ ಇನ್ನೆರಡು ಗುಂಡಿಗಳಿವೆ. ಬಾಟ್ಲಿಗೆ ಗುಳ್ಳೆಯಾಗಿ ಚುಚ್ಚಿದ ಗ್ಯಾಸ್ ನೀರಲ್ಲಿ ಪೂರ್ತಿ ಬೆರೆಯೋಕೆ ತುಂಬಾ ಗಂಟೆ ಹಿಡಿಯತ್ತೆ, ಅದರಿಂದ ದರ ಕಮ್ಮಿ ಕಾಣತ್ತೆ ಅಂತ 2010ರಲ್ಲೇ ತೋರಿಸಿದಾರೆ, ಅದಕ್ಕೇ ಈಗ ಗ್ಯಾಸ್‌ನ ಮೊದಲೇ ನೀರಲ್ಲಿ ಕರಗಿಸಿ ಹಾಕ್ತಾರೆ. 2014ರಲ್ಲಿ ಇನ್ನೊಂದು ವಿಷ್ಯ ಹೊರಬಂತು, ಮಾರಾಟಕ್ಕೆ ಸಿಗೋ ಕೆಲವು ಗ್ಯಾಸ್ ಸಿಲಿಂಡರ್‌ಗಳಲ್ಲೇ ನೈಟ್ರೋಜನ್-15 ಇರೋ ಅಮೋನಿಯಂ, ನೈಟ್ರೇಟ್ ಬೆರೆತಿರತ್ತೆ, ಅದರಿಂದ ಇಲ್ಲದ ನೈಟ್ರೋಜನ್ ಸ್ಥಿರೀಕರಣ ಇದ್ದ ಹಾಗೆ ಕಾಣತ್ತೆ. ಒಂದು ಕಮ್ಮಿ ತೋರಿಸತ್ತೆ, ಇನ್ನೊಂದು ಜಾಸ್ತಿ ತೋರಿಸತ್ತೆ, ಎರಡೂ ಒಟ್ಟಿಗೆ ಇದ್ರೆ ದೇವರೇ ಗತಿ.

ಆಮೇಲೆ ಪೋಷಕಾಂಶಕ್ಕೆ ಸಂಬಂಧ ಇಲ್ಲದ ಕಾರಣಗಳು, ಬೇಗ ಹೇಳಿಬಿಡ್ತೀನಿ. ಉಷ್ಣತೆ ಸುಮಾರು 20ರಿಂದ 34 ಡಿಗ್ರಿ ಒಳಗೆ ಇದ್ರೆ ಬದುಕತ್ತೆ, 24ರಿಂದ 30 ಅದಕ್ಕೆ ಹಿತ. ಜೋರಾಗಿ ಕುಲುಕಿದ್ರೆ ಎಳೆಗಳು ತುಂಡಾಗ್ತವೆ, ಪೈಪೆಟ್‌ನ ಸಣ್ಣ ತುದಿಲಿ ಎಳೆದ್ರೂ ಅಷ್ಟೇ. ಮೀಡಿಯಮ್‌ಗೆ (ಕಲ್ಚರ್ ಬೆಳೆಯೋ ದ್ರವಕ್ಕೆ) ಬಳಸೋ ಸಮುದ್ರದ ನೀರಲ್ಲಿ ನೈಟ್ರೇಟ್ ಇದ್ರೆ ನೈಟ್ರೋಜನ್ ಹಿಡಿಯೋದು ಕಮ್ಮಿ ಆಗಬಹುದು, ಆದ್ರೆ ಆಗ ಕಲ್ಚರ್ ಬಣ್ಣ ಚೆನ್ನಾಗೇ ಇರತ್ತೆ, ಬೆಳವಣಿಗೆನೂ ಇರತ್ತೆ, ದರ ಮಾತ್ರ ಕಮ್ಮಿ. ಬಣ್ಣ ಹೋಗಿ ದರನೂ ಹೋಗಿದ್ರೆ ಅದು ಬೇರೆ ಕಥೆ, ಮುಂದೆ ಓದಿ.

ಕಬ್ಬಿಣಕ್ಕೆ ಇಷ್ಟೊಂದು ಹಸಿವು ಯಾಕೆ

ಇದು ಅರ್ಥ ಆದ್ರೆ ಲಕ್ಷಣಗಳನ್ನ ಬಾಯಿಪಾಠ ಮಾಡೋ ಕೆಲಸನೇ ಇಲ್ಲ. ನೈಟ್ರೋಜನ್ ಹಿಡಿಯೋ ನೈಟ್ರೋಜಿನೇಸ್ ಕಿಣ್ವಕ್ಕೆ ಎರಡು ಭಾಗ, ದೊಡ್ಡ ಮಾಲಿಬ್ಡಿನಮ್-ಕಬ್ಬಿಣದ ಪ್ರೊಟೀನ್‌ನಲ್ಲಿ 30 ಕಬ್ಬಿಣದ ಪರಮಾಣು, ಅದಕ್ಕೆ ಎರಡೂ ಕಡೆಯಿಂದ ಎಲೆಕ್ಟ್ರಾನ್ ತಂದುಕೊಡೋ ಕಬ್ಬಿಣದ ಪ್ರೊಟೀನ್ ಒಂದೊಂದರಲ್ಲಿ 4, ಒಟ್ಟು 38. ಒಂದು ನೈಟ್ರೋಜನ್ ಅಣು ಒಡೆಯೋಕೆ 16 ಎಟಿಪಿ (ಕೋಶಕ್ಕೆ ಶಕ್ತಿ ಕೊಡೋ ಅಣು) ಬೇಕು, ಆ ಎಟಿಪಿ ಮಾಡೋ ದ್ಯುತಿಸಂಶ್ಲೇಷಣೆಯ ಫೋಟೋಸಿಸ್ಟಮ್-1ರಲ್ಲೂ 12 ಕಬ್ಬಿಣ. ಇನ್ನು ಈ ಕಿಣ್ವಕ್ಕೆ ಆಕ್ಸಿಜನ್ ಕಂಡ್ರೆ ಆಗಲ್ಲ, ಹಗಲಲ್ಲಿ ಆಕ್ಸಿಜನ್ ಬಿಡ್ತಾನೇ ನೈಟ್ರೋಜನ್ ಹಿಡಿಯೋ ಟ್ರೈಕೋಡೆಸ್ಮಿಯಮ್‌ಗೆ ಎರಡು ಕೆಲಸಕ್ಕೂ ಒಂದೇ ಹೊತ್ತಲ್ಲಿ ಬೇರೆ ಬೇರೆ ಕಬ್ಬಿಣ ಬೇಕು. ಕ್ರೋಕೋಸ್ಫೇರಾ ಇಲ್ಲಿ ಜಾಣತನ ಮಾಡತ್ತೆ, ಹಗಲಲ್ಲಿ ನೈಟ್ರೋಜಿನೇಸ್ ಒಡೆದು ಅದರ ಕಬ್ಬಿಣವನ್ನ ದ್ಯುತಿಸಂಶ್ಲೇಷಣೆಗೆ ಕೊಟ್ಟು, ರಾತ್ರಿ ಮತ್ತೆ ವಾಪಸ್ ತಗೊಳತ್ತೆ, ಇದರಿಂದ ಸುಮಾರು 40 ಪರ್ಸೆಂಟ್ ಕಬ್ಬಿಣ ಉಳಿಯತ್ತೆ ಅಂತ 2011ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು. ಒಂದೇ ಮನೆಯ ಒಂದೇ ಪಾತ್ರೆಯನ್ನ ಹಗಲು ಒಬ್ರು ರಾತ್ರಿ ಒಬ್ರು ಬಳಸಿದ ಹಾಗೆ. ನನಗೆ ಇದು ಎಷ್ಟು ಸಲ ಓದಿದ್ರೂ ಬೆರಗು.

ಇದರಿಂದ ನಮಗೆ ಬೇಕಾದ ಸುಳಿವು: ಕಬ್ಬಿಣ ಕಮ್ಮಿ ಆದಾಗ ಟ್ರೈಕೋಡೆಸ್ಮಿಯಮ್ ಮೊದಲು ಬಿಟ್ಟುಕೊಡೋದು ನೈಟ್ರೋಜಿನೇಸ್‌ನ, ದ್ಯುತಿಸಂಶ್ಲೇಷಣೆಯನ್ನ ಆದಷ್ಟು ಕಾಪಾಡ್ಕೊಳತ್ತೆ. ಅಂದ್ರೆ ಕಬ್ಬಿಣದ ಕೊರತೆ ಹೊರಗೆ ಕಾಣೋದು ನೈಟ್ರೋಜನ್ ಕೊರತೆಯ ವೇಷದಲ್ಲಿ. ಜೀವಕೋಶ ತನ್ನ ಕೆಂಪು ಬಣ್ಣದ ಫೈಕೋಎರಿಥ್ರಿನ್ ಒಡೆದು ನೈಟ್ರೋಜನ್ ತೆಗೆಯತ್ತೆ, ಅದಕ್ಕೇ ಕೆಂಗಂದು ಹೋಗಿ ಹಳದಿ ಹಸಿರು ಬರೋದು.

ಹಾಗಾಗಿ ನಾನು ಮಾಡೋ ಮೊದಲ ಸಣ್ಣ ಪರೀಕ್ಷೆ ಇದು. ಕಲ್ಚರ್‌ನ ಒಂದು ಚಿಕ್ಕ ಪಾಲು ತೆಗೆದು ಅದಕ್ಕೆ ಕೆಲವೇ ಮೈಕ್ರೋಮೋಲಾರ್ ಅಮೋನಿಯಂ ಹಾಕಿ ಎರಡು ಮೂರು ದಿನ ನೋಡಿ. ಬಣ್ಣ ವಾಪಸ್ ಬಂದ್ರೆ ತಪ್ಪು ನೈಟ್ರೋಜನ್ ಹಿಡಿಯೋ ಯಂತ್ರದಲ್ಲಿದೆ, ಅಂದ್ರೆ ಕಬ್ಬಿಣ, ಇಲ್ಲಾ ಮಾಲಿಬ್ಡಿನಮ್, ಇಲ್ಲಾ ನಿಕ್ಕಲ್. ಏನೂ ಬದಲಾಗದಿದ್ರೆ ಫಾಸ್ಫರಸ್ ಕಡೆ ಅನುಮಾನ ಪಡಿ, ಯಾಕಂದ್ರೆ ಫಾಸ್ಫರಸ್ ಇಲ್ಲದೇ ಇದ್ರೆ ನೈಟ್ರೋಜನ್ ಎಷ್ಟು ಕೊಟ್ಟರೂ ಕೋಶ ಎರಡಾಗೋಕೆ ಆಗಲ್ಲ. ಇಲ್ಲಿ ಅಮೋನಿಯಂ ಬದಲು ನೈಟ್ರೇಟ್ ಬಳಸಬೇಡಿ, ನೈಟ್ರೇಟ್‌ನ ಒಳಗೆ ತಗೊಂಡು ಅಮೋನಿಯಂ ಮಾಡೋ ಕಿಣ್ವಗಳಿಗೂ ಕಬ್ಬಿಣ ಬೇಕು, ಯೂರಿಯಾನೂ ಬೇಡ, ಯೂರಿಯೇಸ್‌ಗೆ ನಿಕ್ಕಲ್ ಬೇಕು. ಅಮೋನಿಯಂ ಜಾಸ್ತಿ ಆದ್ರೆ ವಿಷ, ಅದನ್ನೂ ನೆನಪಿಡಿ. ಇದೊಂದೇ ಪರೀಕ್ಷೆಯಿಂದ ತೀರ್ಪು ಕೊಡೋಕಾಗಲ್ಲ, ಯಾವ ದಾರಿ ಹಿಡಿಬೇಕು ಅನ್ನೋದಕ್ಕೆ ಕೈಮರ ಅಷ್ಟೇ.

ಮಾಲಿಬ್ಡಿನಮ್ ಸಮುದ್ರದ ನೀರಲ್ಲಿ ಸುಮಾರು 105 ನ್ಯಾನೋಮೋಲಾರ್ ಇರತ್ತೆ, ಬೇಕಾದಷ್ಟಾಯ್ತು. ಆದ್ರೆ ಉಪ್ಪುಗಳಿಂದ ಕೃತಕ ಸಮುದ್ರದ ನೀರು ಮಾಡೋರು ಅದನ್ನ ಮರೆತಿರೋ ಸಾಧ್ಯತೆ ಇದೆ, ಪಟ್ಟಿ ನೋಡ್ಕೊಳ್ಳಿ. ನಿಕ್ಕಲ್‌ನೂ ನೋಡಿ, ಟ್ರೈಕೋಡೆಸ್ಮಿಯಮ್ ಆಕ್ಸಿಜನ್ ಕಾಟದಿಂದ ತಪ್ಪಿಸ್ಕೊಳ್ಳೋಕೆ ನಿಕ್ಕಲ್ ಇರೋ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಬಳಸತ್ತೆ, ಹಳೇ ಮೀಡಿಯಮ್ ಪಟ್ಟಿಗಳಲ್ಲಿ ಕೆಲವೊಮ್ಮೆ ನಿಕ್ಕಲ್ಲೇ ಇರಲ್ಲ.

ಫಾಸ್ಫರಸ್ ಕೊರತೆ ಹೇಗೆ ಕಾಣತ್ತೆ

ಇದು ನಿಧಾನವಾಗಿ ಬರತ್ತೆ. ಒಳ್ಳೆ ದಿನಗಳಲ್ಲಿ ಕೋಶ ಫಾಸ್ಫೇಟ್‌ನ ಪಾಲಿಫಾಸ್ಫೇಟ್ ಕಾಳುಗಳಾಗಿ ಕೂಡಿಟ್ಕೊಂಡಿರತ್ತೆ, ಹೊರಗೆ ಖಾಲಿ ಆದ್ರೂ ಸ್ವಲ್ಪ ದಿನ ಒಳಗಿನದ್ದನ್ನ ತಿಂದು ನಡೆಯತ್ತೆ. ಕೂಡಿಟ್ಟದ್ದೂ ಮುಗಿದ ಮೇಲೆ ಮೂರು ಕೆಲಸ ಶುರು ಮಾಡತ್ತೆ. ಹೊರಗಿನ ಸಾವಯವ ಅಣುಗಳಿಂದ ಫಾಸ್ಫೇಟ್ ಕಿತ್ಕೊಳ್ಳೋ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಜಾಸ್ತಿ ಮಾಡತ್ತೆ, ಕಾರ್ಬನ್‌ಗೆ ನೇರ ಅಂಟಿಕೊಂಡಿರೋ ಫಾಸ್ಫೊನೇಟ್‌ಗಳನ್ನ ಒಡೆಯೋ ಜೀನ್‌ಗಳನ್ನ ಎಬ್ಬಿಸತ್ತೆ, ತನ್ನ ಪೊರೆಯ ಫಾಸ್ಫೋಲಿಪಿಡ್‌ಗಳಿಗೆ ಬದಲು ಗಂಧಕದ ಲಿಪಿಡ್ ಹಾಕ್ಕೊಳತ್ತೆ. ಕೋಶದ ನೈಟ್ರೋಜನ್-ಫಾಸ್ಫರಸ್ ಅನುಪಾತ ಸಮುದ್ರದ ಸರಾಸರಿ 16ರಿಂದ ತುಂಬಾ ಮೇಲೆ ಹೋಗತ್ತೆ. ಕಬ್ಬಿಣ ಕಮ್ಮಿ ಇರೋ ಕೋಶದಲ್ಲಿ ಈ ಅನುಪಾತ ಏರೋಕೆ ಕಾರಣ ಇಲ್ಲ, ಹಾಗಾಗಿ ಎರಡನ್ನೂ ಬೇರೆ ಮಾಡೋಕೆ ಇದು ಒಳ್ಳೆ ಗುರುತು.

ಫಾಸ್ಫಟೇಸ್ ಅಳೆಯೋಕೆ ಹೋದಾಗ ಒಂದು ಎಚ್ಚರ. ನಿಮ್ಮ ಕಲ್ಚರ್ ಶುದ್ಧ ಅಂತ ಅಂದ್ಕೊಳ್ಬೇಡಿ, ಟ್ರೈಕೋಡೆಸ್ಮಿಯಮ್ ಜೊತೆ ಬೇರೆ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಯಾವಾಗಲೂ ಇರ್ತವೆ, ಅವೂ ಇದೇ ಕಿಣ್ವ ಮಾಡ್ತವೆ. ಇಡೀ ಫ್ಲಾಸ್ಕ್‌ನ ಅಳತೆ ಜಾಸ್ತಿ ಬಂತು ಅಂತ ಎಳೆಗಳಿಗೆ ಫಾಸ್ಫರಸ್ ಕಮ್ಮಿ ಅಂತ ಹೇಳೋಕಾಗಲ್ಲ. ಇಎಲ್‌ಎಫ್-97 ಅನ್ನೋ, ಈ ಕಿಣ್ವ ಕೆಲಸ ಮಾಡೋ ಕಡೆ ಹೊಳೆಯೋ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಹೊಳಪು ಎಳೆ ಮೇಲೆ ಇದೆಯಾ, ಪಕ್ಕದ ಬ್ಯಾಕ್ಟೀರಿಯಾ ಮೇಲೆ ಇದೆಯಾ ಅಂತ ಕಣ್ಣಿಗೇ ಕಾಣತ್ತೆ.

ಇನ್ನೊಂದು ಸಿಕ್ಕು, ಇದು ಗೊತ್ತಿರಲೇಬೇಕು. ಫಾಸ್ಫಟೇಸ್‌ಗಳಲ್ಲಿ ಫೊ-ಎ ಅನ್ನೋದಕ್ಕೆ ಸತು ಬೇಕು, ಫೊ-ಎಕ್ಸ್ ಅನ್ನೋದಕ್ಕೆ ಕಬ್ಬಿಣ ಬೇಕು. ಅಂದ್ರೆ ಕಬ್ಬಿಣ ಕಮ್ಮಿ ಇರೋ ಕಡೆ ಸಾವಯವ ಫಾಸ್ಫರಸ್ ಕಣ್ಣೆದುರಿಗೆ ಇದ್ರೂ ಕಿತ್ಕೊಳ್ಳೋಕೆ ಕಷ್ಟ ಆಗಬಹುದು. ಎರಡು ಕೊರತೆ ಬೇರೆ ಬೇರೆ ಅಂತ ನಾವು ಎಷ್ಟೇ ಗೆರೆ ಎಳೆದ್ರೂ ಕೋಶದ ಒಳಗೆ ಅವು ಒಂದಕ್ಕೊಂದು ಹೆಣೆದುಕೊಂಡೇ ಇರ್ತವೆ.

ಎಫ್‌ವಿ ಭಾಗಿಸು ಎಫ್‌ಎಂ ಅನ್ನೋ, ದ್ಯುತಿಸಂಶ್ಲೇಷಣೆ ಎಷ್ಟು ಚೆನ್ನಾಗಿ ನಡೀತಿದೆ ಅಂತ ಹೇಳೋ ಫ್ಲೋರೆಸೆನ್ಸ್ ಅಳತೆ ಕಬ್ಬಿಣದ ಕೊರತೆಯಲ್ಲಿ ಇಳಿಯತ್ತೆ ನಿಜ, ಆದ್ರೆ ಸಯನೋಬ್ಯಾಕ್ಟೀರಿಯಾದಲ್ಲಿ ಫೈಕೋಬಿಲಿನ್‌ಗಳ ಬೆಳಕೂ ಸೇರ್ಕೊಂಡು ಸಂಖ್ಯೆ ಮೊದಲೇ ಕಮ್ಮಿ ಬರತ್ತೆ. ಬೇರೆ ಪಾಚಿಯ ಸಂಖ್ಯೆ ಜೊತೆ ಹೋಲಿಸಬೇಡಿ, ನಿಮ್ಮದೇ ಆರೋಗ್ಯವಾಗಿರೋ ಫ್ಲಾಸ್ಕ್ ಜೊತೆ ಹೋಲಿಸಿ.

ನಾಲ್ಕು ಬಾಟ್ಲಿ

ತೀರ್ಪು ಕೊಡೋ ಪರೀಕ್ಷೆ ಇದು. ಒಂದಕ್ಕೆ ಏನೂ ಹಾಕಬೇಡಿ, ಇನ್ನೊಂದಕ್ಕೆ ಕಬ್ಬಿಣ ಮಾತ್ರ, ಮತ್ತೊಂದಕ್ಕೆ ಫಾಸ್ಫೇಟ್ ಮಾತ್ರ, ನಾಲ್ಕನೇದಕ್ಕೆ ಎರಡೂ. ಪ್ರತಿಯೊಂದೂ ಮೂರು ಮೂರು ಪ್ರತಿ, ಒಟ್ಟು 12. ಟ್ರೈಕೋಡೆಸ್ಮಿಯಮ್ ಎರಡಾಗೋಕೆ ಎರಡರಿಂದ ನಾಲ್ಕು ದಿನ ತಗೊಳತ್ತೆ, ಆದ್ರಿಂದ ಮಾರನೇ ದಿನವೇ ನೋಡಿ ಏನೂ ಆಗಿಲ್ಲ ಅಂತ ಚೆಲ್ಲಬೇಡಿ. ನೈಟ್ರೋಜನ್ ದರವನ್ನ ಎರಡನೇ ದಿನದಿಂದ ಅಳೀರಿ, ಬೆಳವಣಿಗೆಯನ್ನ ಕನಿಷ್ಠ ಒಂದು ವಾರ.

ಕಬ್ಬಿಣದ ಬಾಟ್ಲಿ ಮಾತ್ರ ಎದ್ದರೆ ಕಬ್ಬಿಣ, ಫಾಸ್ಫೇಟ್‌ದು ಮಾತ್ರ ಎದ್ದರೆ ಫಾಸ್ಫೇಟ್, ಇದು ಸುಲಭ. ಒಂದೊಂದೇ ಹಾಕಿದ್ರೆ ಏನೂ ಇಲ್ಲ, ಎರಡೂ ಹಾಕಿದ್ರೆ ಮಾತ್ರ ಎದ್ದಿತು ಅಂದ್ರೆ ಎರಡೂ ಕಮ್ಮಿ. ಕಬ್ಬಿಣಕ್ಕೆ ಸ್ವಲ್ಪ ಎದ್ದು, ಎರಡಕ್ಕೂ ತುಂಬಾ ಎದ್ದರೆ ಮೊದಲ ಕೊರತೆ ಕಬ್ಬಿಣ, ಅದು ತೀರಿದ ತಕ್ಷಣ ಕಾಯ್ತಾ ಇದ್ದದ್ದು ಫಾಸ್ಫೇಟ್. ನಾಲ್ಕೂ ಮಲಗೇ ಇದ್ರೆ ಕಾರಣ ಬೇರೆ ಏನೋ, ನಿಕ್ಕಲ್, ಬಿ12, ಬೆಳಕು ಇವುಗಳ ಕಡೆ ವಾಪಸ್ ಹೋಗಿ. ಅನುಮಾನ ಉಳಿದ್ರೆ ಆರೋಗ್ಯವಾಗಿರೋ ಒಂದು ಕಲ್ಚರ್‌ಗೆ ಕಬ್ಬಿಣ ಬಿಗಿಯಾಗಿ ಹಿಡ್ಕೊಳ್ಳೋ ಡೆಸ್‌ಫೆರಿಆಕ್ಸಮೀನ್-ಬಿ ಹಾಕಿ, ಅದೇ ಲಕ್ಷಣಗಳು ಬರ್ತವಾ ನೋಡಿ.

ಎಲ್ರೂ ಎಡವೋ ಜಾಗ ಒಂದಿದೆ. ಟ್ರೈಕೋಡೆಸ್ಮಿಯಮ್ ಬೆಳೆಸೋಕೆ ಬಳಸೋ ವೈಬಿಸಿ-2 ಮೀಡಿಯಮ್‌ನಲ್ಲಿ ಫಾಸ್ಫೇಟ್ 50 ಮೈಕ್ರೋಮೋಲಾರ್, ಕಬ್ಬಿಣ ಸುಮಾರು 0.4 ಮೈಕ್ರೋಮೋಲಾರ್. ಫಾಸ್ಫೇಟ್ ಇಲ್ಲದ ಹೊಸ ಮೀಡಿಯಮ್‌ಗೆ ಹಳೇ ಕಲ್ಚರ್‌ನ ಹತ್ತನೇ ಒಂದು ಪಾಲು ಹಾಕಿದ್ರೆ ಅದರ ಜೊತೆಗೇ 5 ಮೈಕ್ರೋಮೋಲಾರ್ ತನಕ ಫಾಸ್ಫೇಟ್ ಬಂದುಬಿಡತ್ತೆ, ಇನ್ನೊಂದು ಸಲ ವರ್ಗಾಯಿಸಿದ್ರೆ 0.5. ಉತ್ತರ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದ ಮೇಲ್ಮೈ ನೀರಲ್ಲಿ ಫಾಸ್ಫೇಟ್ 10 ನ್ಯಾನೋಮೋಲಾರ್‌ಗಿಂತ ಕೆಳಗೆ ಇರತ್ತೆ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ, ನಿಮ್ಮ ಕೊರತೆಯ ಫ್ಲಾಸ್ಕ್ ಸಮುದ್ರದ ಲೆಕ್ಕದಲ್ಲಿ ಹಬ್ಬದೂಟ. ಒಳಗೆ ಕೂಡಿಟ್ಟ ಪಾಲಿಫಾಸ್ಫೇಟ್ ಬೇರೆ. ಮೆತ್ತಗೆ ಜಾಲರಿ ಮೇಲೆ ಎಳೆಗಳನ್ನ ಹಿಡಿದು, ಪೋಷಕಾಂಶ ಇಲ್ಲದ ನೀರಲ್ಲಿ ತೊಳೆದು, ಮೂರ್ನಾಲ್ಕು ಸಲ ವರ್ಗಾಯಿಸಿದ ಮೇಲೇ ಕೊರತೆ ಬಂತು ಅಂತ ನಂಬಿ.

ನಿಜವಾದ ತಪ್ಪು ಸುಮಾರು ಸಲ ಬಾಟ್ಲಿಯಲ್ಲೇ ಇರತ್ತೆ

ನಾನು ಎರಡು ತಿಂಗಳು ಒದ್ದಾಡಿದ್ದು ಹೇಳ್ತೀನಿ. ನಾಲ್ಕು ಬಾಟ್ಲಿ ಪರೀಕ್ಷೆಯಲ್ಲಿ ಕಬ್ಬಿಣಕ್ಕೆ ಏನೂ ಇಲ್ಲ, ಫಾಸ್ಫೇಟ್‌ಗೆ ಸ್ವಲ್ಪ, ಎರಡೂ ಸೇರಿ ಜೋರು. ಮೀಡಿಯಮ್‌ಗೆ ಎರಡೂ ಪಟ್ಟಿ ಪ್ರಕಾರನೇ ಹಾಕಿದ್ದೆ, ಹಾಗಿದ್ರೆ ಹೋಗಿದ್ದು ಎಲ್ಲಿಗೆ? ಒಂದು ಸಂಜೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲೋದು) ಆದ ಮೀಡಿಯಮ್ ಬಾಟ್ಲಿಯನ್ನ ಅಲ್ಲಾಡಿಸದೇ ಎತ್ತಿ ಕಪ್ಪು ಬಟ್ಟೆ ಮುಂದೆ ಹಿಡಿದೆ, ತಳದಲ್ಲಿ ಹಾಲು ಒಡೆದ ಹಾಗೆ ತೆಳ್ಳಗೆ ಬಿಳಿ ಮಬ್ಬು ಕೂತಿತ್ತು, ನಿಧಾನಕ್ಕೆ ಓರೆ ಮಾಡಿದ್ರೆ ಹೊಗೆ ತರ ಏಳ್ತಿತ್ತು. ಕಬ್ಬಿಣದ ಸ್ಟಾಕ್ (ಮೀಡಿಯಮ್‌ಗೆ ಹಾಕೋ ಗಾಢ ದ್ರಾವಣ) ಬಾಟ್ಲಿ ತೆಗೆದು ನೋಡಿದ್ರೆ ಅದರ ಮೂಲೆಯಲ್ಲಿ ತುಕ್ಕಿನ ಬಣ್ಣದ ಪುಡಿ. ಎರಡು ತಿಂಗಳು ಆ ಬಾಟ್ಲಿಗಳನ್ನ ದಿನಾ ಮುಟ್ಟಿದ್ದೆ, ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಆಗಿದ್ದು ಏನಂದ್ರೆ, ಫಾಸ್ಫೇಟ್‌ನ ಮೀಡಿಯಮ್ ಜೊತೆಗೇ ಆಟೋಕ್ಲೇವ್ ಮಾಡಿದ್ದೆ. ಬಿಸಿಗೆ ಕಾರ್ಬನ್ ಡೈಆಕ್ಸೈಡ್ ಹಾರಿ ಪಿಎಚ್ ಏರತ್ತೆ, ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ಕೂರತ್ತೆ, ಹೋಗ್ತಾ ಕಬ್ಬಿಣವನ್ನೂ ಎಳ್ಕೊಂಡು ಹೋಗತ್ತೆ. ಕಬ್ಬಿಣದ ಸ್ಟಾಕ್‌ಗೆ ಇಡಿಟಿಎ (ಲೋಹನ ಹಿಡಿದು ಕರಗಿರೋ ಹಾಗೆ ಇಡೋ ರಾಸಾಯನಿಕ) ಸರಿಯಾಗಿ ಸೇರಿರಲಿಲ್ಲ, ಆಮ್ಲನೂ ಹಾಕಿರಲಿಲ್ಲ, ಅದು ಬಾಟ್ಲಿಯಲ್ಲೇ ತುಕ್ಕಾಗಿತ್ತು. ಈಗ ಫಾಸ್ಫೇಟ್ ಮತ್ತೆ ಲೋಹಗಳ ಸ್ಟಾಕ್ ಬೇರೆ ಬೇರೆ ಇಟ್ಟು, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಮೀಡಿಯಮ್ ತಣ್ಣಗಾದ ಮೇಲೆ ಹಾಕ್ತೀನಿ. ಕಬ್ಬಿಣದ ಪ್ರಯೋಗ ಆದ್ರೆ ಆಟೋಕ್ಲೇವ್‌ನೇ ಬಿಟ್ಟು ಮೈಕ್ರೋವೇವ್‌ನಲ್ಲಿ ಶುದ್ಧ ಮಾಡೋದು ಒಳ್ಳೇದು, ಆಟೋಕ್ಲೇವ್‌ನ ಹಬೆ ಲೋಹ ತರತ್ತೆ.

ಇಡಿಟಿಎ ಜಾಸ್ತಿ ಆದ್ರೂ ಕಷ್ಟ. ಅದು ಕಬ್ಬಿಣವನ್ನ ಹಿಡ್ಕೊಂಡು ಸ್ವಲ್ಪ ಸ್ವಲ್ಪ ಬಿಡೋದು, ಕೋಶಕ್ಕೆ ಸಿಗೋದು ಬಿಟ್ಟಷ್ಟೇ. ಒಟ್ಟು ಕಬ್ಬಿಣ ಅಷ್ಟೇ ಇದ್ದು ಇಡಿಟಿಎ ಏರಿದ್ರೆ ಕೋಶಕ್ಕೆ ಕೊರತೆ. ಬೆಳಕು ಈ ಜೋಡಿಯನ್ನ ಒಡೆದು ಕಬ್ಬಿಣ ಬಿಡಿಸತ್ತೆ, ಅಂದ್ರೆ ದೀಪ ಬದಲಿಸಿದ್ರೂ ಕೋಶಕ್ಕೆ ಸಿಗೋ ಕಬ್ಬಿಣ ಬದಲಾಗತ್ತೆ. ಗಾಜಿನ ಫ್ಲಾಸ್ಕ್ ಬೇಡ, ಗಾಜಿನಿಂದ ಕಬ್ಬಿಣ ಇಳಿಯತ್ತೆ. ಪಾಲಿಕಾರ್ಬೊನೇಟ್ ಬಾಟ್ಲಿನ 10 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಶುದ್ಧ ನೀರಲ್ಲಿ ಚೆನ್ನಾಗಿ ಜಾಲಾಡಿಸಿ.

ಎರಡೂ ಕಮ್ಮಿ ಇದ್ರೆ ಇನ್ನೂ ಕೆಟ್ಟದಾಗಿರಬೇಕು ಅಲ್ವಾ ಅಂತ ಯಾರಿಗಾದ್ರೂ ಅನ್ಸತ್ತೆ. 2015 ಮತ್ತೆ 2016ರ ಕೆಲಸಗಳಲ್ಲಿ ಉಲ್ಟಾ ಬಂತು, ಫಾಸ್ಫರಸ್ ಒಂದೇ ಕಮ್ಮಿ ಇದ್ದ ಕಲ್ಚರ್‌ಗಿಂತ ಕಬ್ಬಿಣನೂ ಫಾಸ್ಫರಸ್ಸೂ ಎರಡೂ ಕಮ್ಮಿ ಇದ್ದ ಟ್ರೈಕೋಡೆಸ್ಮಿಯಮ್, ಕ್ರೋಕೋಸ್ಫೇರಾ ಚೆನ್ನಾಗಿ ಬೆಳೆದವು, ನೈಟ್ರೋಜನ್ನೂ ಜಾಸ್ತಿ ಹಿಡಿದವು, ಕೋಶಗಳು ಮಾತ್ರ ಚಿಕ್ಕವಾದವು. ಹಾಗಾಗಿ ಫಾಸ್ಫೇಟ್ ಕಮ್ಮಿ ಇರೋ ಫ್ಲಾಸ್ಕ್‌ಗೆ ಕಬ್ಬಿಣ ಹಾಕಿದಾಗ ಅದು ಇನ್ನೂ ಸೊರಗಿದ್ರೆ ಸ್ಟಾಕ್ ಕೆಟ್ಟಿದೆ ಅಂತ ತಕ್ಷಣ ತೀರ್ಮಾನಿಸಬೇಡಿ, ಕೋಶದ ಗಾತ್ರ ಅಳೆದು ನೋಡಿ.

ಉಳಿಸೋ ಹೊತ್ತು ಮೀರಿದೆಯಾ ಅನ್ನೋದೂ ನೋಡ್ಬೇಕು. ಕಬ್ಬಿಣ ಅಥವಾ ಫಾಸ್ಫರಸ್ ತೀರಾ ಇಲ್ಲದಾದಾಗ ಟ್ರೈಕೋಡೆಸ್ಮಿಯಮ್ ತಾನೇ ತನ್ನನ್ನ ಮುಗಿಸ್ಕೊಳ್ಳೋ ಕಾರ್ಯಕ್ರಮ ಶುರು ಮಾಡತ್ತೆ ಅಂತ 2004ರಲ್ಲಿ ತೋರಿಸಿದಾರೆ, ಒಂದು ದಿನದ ಆಸುಪಾಸಲ್ಲಿ ಇಡೀ ಫ್ಲಾಸ್ಕ್ ಕುಸಿಯಬಹುದು. ಗಾಳಿಗುಳ್ಳೆಗಳು ಹೋಗಿ ಎಳೆಗಳು ಮುಳುಗಿ, ನೀರು ಅಂಟಂಟಾಗಿ, ಮೈಕ್ರೋಸ್ಕೋಪ್‌ನಲ್ಲಿ ಕೋಶಗಳು ಖಾಲಿ ಕೊಳವೆ ತರ ಕಂಡ್ರೆ ಅದಕ್ಕೆ ಏನು ಹಾಕಿದ್ರೂ ಪ್ರಯೋಜನ ಇಲ್ಲ. ಇನ್ನೂ ತೇಲ್ತಿರೋ ಎಳೆಗಳಿದ್ರೆ ಅವನ್ನ ಮಾತ್ರ ಎತ್ತಿ ಹೊಸ ಮೀಡಿಯಮ್‌ಗೆ ಹಾಕಿ.

ಹಡಗಿಂದ ತಂದ ನೀರಾದ್ರೆ

ಎಲ್ಲಿಂದ ತಂದಿದ್ದು ಅನ್ನೋದೇ ಅರ್ಧ ಉತ್ತರ. ಉತ್ತರ ಅಟ್ಲಾಂಟಿಕ್ ಮೇಲೆ ಸಹಾರಾದ ಧೂಳು ಬೀಳತ್ತೆ, ಕಬ್ಬಿಣ ಸಿಗತ್ತೆ, ಅದಕ್ಕೆ ಅಲ್ಲಿ ಫಾಸ್ಫರಸ್ ಕೊರತೆಯ ಗುರುತುಗಳು ಜಾಸ್ತಿ. ಪೆಸಿಫಿಕ್‌ನ ಬಹುಭಾಗಕ್ಕೆ ಅಷ್ಟು ಧೂಳು ಬರಲ್ಲ. ಕಬ್ಬಿಣ ಇಲ್ಲದಾಗ ಏಳೋ ಐಡಿಐ-ಎ ಜೀನ್ ಹುಡುಕಿದಾಗ ಪೆಸಿಫಿಕ್‌ನ ಟ್ರೈಕೋಡೆಸ್ಮಿಯಮ್‌ನಲ್ಲಿ ಅದು ಎದ್ದಿತ್ತು, ಅಟ್ಲಾಂಟಿಕ್‌ನದರಲ್ಲಿ ಇರಲಿಲ್ಲ ಅಂತ 2012ರಲ್ಲಿ ಬಂತು. ಆದ್ರೆ ಅಟ್ಲಾಂಟಿಕ್ ಅಂದ ತಕ್ಷಣ ಫಾಸ್ಫರಸ್ ಅಂತ ಕಣ್ಮುಚ್ಚಿ ಬರೀಬೇಡಿ, ಅದರ ಉಷ್ಣವಲಯದ ಪೂರ್ವ ಭಾಗದಲ್ಲಿ ಎರಡೂ ಒಟ್ಟಿಗೆ ಕಮ್ಮಿ ಇತ್ತು, ಸಹಾರಾ ಧೂಳು ಹಾಕಿದ್ರೂ ನೈಟ್ರೋಜನ್ ದರ ಏರಿತ್ತು ಅಂತ 2004ರ ಬಾಟ್ಲಿ ಪ್ರಯೋಗ ಹೇಳತ್ತೆ. ಗುಂಪಾಗಿ ಚೆಂಡಿನ ತರ ಸೇರಿರೋ ಟ್ರೈಕೋಡೆಸ್ಮಿಯಮ್ ಆ ಧೂಳಿನ ಕಣಗಳನ್ನ ಹಿಡಿದು ನಡುಮಧ್ಯಕ್ಕೆ ಸರಿಸ್ಕೊಂಡು ಕರಗಿಸೋದನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾರೆ, ಹಾಗಾಗಿ ನೀರಲ್ಲಿ ಕರಗಿರೋ ಕಬ್ಬಿಣದ ಸಂಖ್ಯೆ ಒಂದನ್ನೇ ನಂಬಿ ಕೊರತೆ ಅಂತ ಹೇಳೋದೂ ಕಷ್ಟ.

ಹಡಗಿನ ಮೇಲೆ ಎಲ್ಲೆಲ್ಲೂ ಕಬ್ಬಿಣ, ಹಗ್ಗ, ಪಂಪು, ಬಣ್ಣದ ಚಕ್ಕೆ, ಕೈಗವಸಿನ ಧೂಳು. ನಾಲ್ಕು ಬಾಟ್ಲಿಯಲ್ಲಿ ಏನೂ ಹಾಕದ ಬಾಟ್ಲಿನೇ ಎರಡು ದಿನದಲ್ಲಿ ಏರಿಬಿಟ್ರೆ ನೀರು ತುಂಬೋವಾಗಲೇ ಕಬ್ಬಿಣ ಸೇರಿರೋ ಸಾಧ್ಯತೆ ದೊಡ್ಡದು. ಆ ಸೆಟ್‌ನಿಂದ ಏನೂ ಬರೀಬೇಡಿ, ಬಾಟ್ಲಿಗಳನ್ನ ಮತ್ತೆ ಆಮ್ಲದಲ್ಲಿ ನೆನೆಸಿಟ್ಟು ಹೊಸದಾಗಿ ನೀರು ತಗೊಳ್ಳಿ.